ದಂಡಿಗೆ ಹೋದ ತಾತನ ಜಾಡು ಹಿಡಿದು

(ನೈರೋಬಿಯಲ್ಲಿ ನಮ್ಮ ಕನ್ನಡ ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೃತ್ತಿಯಿಂದ ವೈದ್ಯರಾದ ನಾವು ಇತಿಹಾಸದ ವಿಷಯವನ್ನು ಎತ್ತಿಕೊಂಡಿರುವುದು ತಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ವೈದ್ಯನ ಕೆಲಸ ಆರಂಭವಾಗುವುದೇ ಚರಿತ್ರೆಯಿಂದ. ರೋಗಿಯು ಎದುರು ಬಂದು ಕುಳಿತಾಗ ನಾಡಿ ಹಿಡಿಯುವುದಕ್ಕೆ ಮೊದಲು ನಾವು ಪ್ರಶ್ನೆ ಕೇಳುತ್ತೇವೆ. ತಂದೆಗೆ ಸಕ್ಕರೆ ಕಾಯಿಲೆ ಇತ್ತೆ? ತಾಯಿ ಯಾವ ವಯಸ್ಸಿನಲ್ಲಿ, ಯಾವುದರಿಂದ ತೀರಿಕೊಂಡರು? ತಾತ? ಮುತ್ತಾತ? ಇದಕ್ಕೆ ವೈದ್ಯಶಾಸ್ತ್ರದಲ್ಲಿ ಕುಟುಂಬ ಚರಿತ್ರೆ ಎಂದೇ ಹೆಸರು. ಸುಮಾರು ಮೂವತ್ತು ವರ್ಷಗಳಿಂದ ಈ ಪ್ರಶ್ನೆಗಳನ್ನು ಕೇಳುತ್ತ ಬಂದ ನಮಗೆ ಒಂದು ಸಂಗತಿ ಮನವರಿಕೆಯಾಗಿದೆ. ನಮ್ಮವರು ತಂದೆಯ ವಿಷಯವನ್ನು ತಡವಿಲ್ಲದೆ ಹೇಳುತ್ತಾರೆ, ತಾತನ ವಿಷಯ ಬಂದಾಗ ಹೆಂಡತಿಯ ಮುಖ ನೋಡುತ್ತಾರೆ, ಮುತ್ತಾತನ ಹೆಸರು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಹೊರದೇಶದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕಾಲಕ್ಕೆ ಈ ಮೌನ ಇನ್ನೂ ಒಂದು ತಲೆಮಾರು ಮುಂದಕ್ಕೆ ಬಂದಿರುತ್ತದೆ.

ಈ ಮೌನವನ್ನು ಮುರಿಯುವುದು ಹೇಗೆ ಎಂಬುದನ್ನು, ದಂಡಿಗೆ ಹೋಗಿ ಮರಳದ ಸಿಪಾಯಿಗಳ ನೆಪದಲ್ಲಿ, ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಅಮೆರಿಕದಲ್ಲಿ ಕಂಡ ಒಂದು ಕಡತ

ಎಂ.ಬಿ.ಬಿ.ಎಸ್. ಮುಗಿಸಿ ನಾವು ಅಮೆರಿಕದ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಕಾಲ. ನಮ್ಮ ವಾರ್ಡಿನಲ್ಲಿದ್ದ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಒಂದು ದಿನ ದಪ್ಪನೆಯ ಲಕೋಟೆಯೊಂದನ್ನು ನಮ್ಮ ಕೈಗಿತ್ತರು. ಅದರಲ್ಲಿದ್ದುದು ಅವರ ಮುತ್ತಾತನ ಪಿಂಚಣಿ ಕಡತದ ನೆರಳಚ್ಚು ಪ್ರತಿ. ಆ ಮುತ್ತಾತ 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಕಡೆಯ ಸಾಮಾನ್ಯ ಸಿಪಾಯಿ. ಮೂಲ ಕಡತ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

ನಮ್ಮ ಕಣ್ಣು ಮೊದಲು ಹರಿದದ್ದು ವೈದ್ಯರ ಪರೀಕ್ಷಾ ಪತ್ರದ ಮೇಲೆ. ಎತ್ತರ, ತೂಕ, ನಾಡಿ, ಉಸಿರಾಟ ಎಲ್ಲವೂ ದಾಖಲಾಗಿದ್ದವು. ಮನುಷ್ಯ ದೇಹದ ಮುಂಬದಿ ಹಿಂಬದಿಗಳ ರೇಖಾಚಿತ್ರವನ್ನು ಮುದ್ರಿಸಿ, ಗುಂಡು ತಾಗಿದ ಜಾಗವನ್ನು ಶಾಯಿಯಲ್ಲಿ ಗುರುತಿಸಲಾಗಿತ್ತು. ಅದರ ಹಿಂದೆ ಆತನ ವಿಧವೆಯ ಪ್ರಮಾಣಪತ್ರ, ಮದುವೆಗೆ ಸಾಕ್ಷಿಯಾದ ನೆರೆಯವರ ಹೇಳಿಕೆ, ಮಕ್ಕಳ ಜನ್ಮದಿನಗಳು. ನೂರು ವರ್ಷಗಳಿಗೂ ಹಿಂದೆ ಸತ್ತ ಸಾಮಾನ್ಯ ರೈತನೊಬ್ಬನ ಬಗ್ಗೆ ಇಷ್ಟು ವಿವರ ಉಳಿದಿರುವುದನ್ನು ಕಂಡು ನಾವು ಬೆರಗಾದೆವು.

ಇದು ಉಳಿದದ್ದು ಏಕೆ? ಅಮೆರಿಕದವರು ಇತಿಹಾಸಪ್ರಿಯರು ಎಂಬ ಕಾರಣಕ್ಕಲ್ಲ. 1862ರ ಜುಲೈ ತಿಂಗಳಲ್ಲಿ ಅಲ್ಲಿಯ ಶಾಸನಸಭೆ ಗಾಯಗೊಂಡ ಸಿಪಾಯಿಗಳಿಗೂ, ಮಡಿದವರ ವಿಧವೆಯರಿಗೂ ಮಕ್ಕಳಿಗೂ ಪಿಂಚಣಿ ಕೊಡುವ ಕಾನೂನು ಮಾಡಿತು. ಹಣ ಬೇಕಾದರೆ ಪುರಾವೆ ಬೇಕು. ತಾನು ಇಂಥವನ ಹೆಂಡತಿಯೆಂದು ವಿಧವೆ ಸಿದ್ಧಪಡಿಸಬೇಕು. ಸರ್ಕಾರದ ಸಂಶಯವೇ ಕಡತವನ್ನು ದಪ್ಪಗೊಳಿಸಿತು. ಅಮೆರಿಕದ 1890ರ ಜನಗಣತಿಯ ಹಾಳೆಗಳಲ್ಲಿ ಬಹುಪಾಲು 1921ರ ಬೆಂಕಿ ಅನಾಹುತದಿಂದಾಗಿ ನಾಶವಾದವು. ಹಾಗಿದ್ದೂ ಸಿಪಾಯಿಗಳ ಕುಟುಂಬಗಳ ಜಾಡು ತಪ್ಪದೆ ಉಳಿದಿರುವುದು ಬಹುಮಟ್ಟಿಗೆ ಈ ಪಿಂಚಣಿ ಕಡತಗಳಿಂದ.

ಇದಕ್ಕಿಂತಲೂ ಮನಮುಟ್ಟುವ ಸಂಗತಿಯೊಂದಿದೆ. ಆ ಯುದ್ಧದಲ್ಲಿ ಉತ್ತರದ ಸೈನ್ಯದಲ್ಲಿ ಸುಮಾರು 1,79,000 ಮಂದಿ ಕಪ್ಪು ಸಿಪಾಯಿಗಳಿದ್ದರು. ಅವರಲ್ಲಿ ಅನೇಕರು ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರು. ಅವರಿಗೆ ಸ್ಥಿರವಾದ ಕುಲನಾಮವಿರಲಿಲ್ಲ. ಒಬ್ಬನೇ ಮನುಷ್ಯ ಹಳೆಯ ಒಡೆಯನ ಹೆಸರನ್ನು ಒಮ್ಮೆ, ತಂದೆಯ ಹೆಸರನ್ನು ಇನ್ನೊಮ್ಮೆ ಹೇಳುತ್ತಿದ್ದ. ಗುಲಾಮರ ಮದುವೆಗೆ ಕಾನೂನಿನ ಮನ್ನಣೆ ಇರಲಿಲ್ಲವಾದ್ದರಿಂದ ಪತ್ರವೂ ಇರಲಿಲ್ಲ. ಪಿಂಚಣಿ ಕೇಳಿದ ವಿಧವೆಯರ ಮನೆಗೆ ಸರ್ಕಾರದ ಪರೀಕ್ಷಕರು ಬಂದು, ಮದುವೆ ನೋಡಿದವರನ್ನೂ ಹೆರಿಗೆ ಮಾಡಿಸಿದವರನ್ನೂ ವಿಚಾರಿಸಿ ಹೇಳಿಕೆ ಬರೆದುಕೊಂಡರು. ಇಂದು ಅವರ ಮರಿಮಕ್ಕಳಿಗೆ ಗುಲಾಮಗಿರಿಯ ಕಾಲದ ತಮ್ಮ ಹಿರಿಯರ ಹೆಸರು ಸಿಗುವ ಮುಖ್ಯ ಆಕರಗಳಲ್ಲಿ ಈ ಹೇಳಿಕೆಗಳೂ ಸೇರಿವೆ.

ಇದರಿಂದ ನಾವು ಕಲಿತ ಪಾಠ ಇಷ್ಟೆ. ಸೈನ್ಯದ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಿಪಾಯಿ ಯಾರವನೆಂದು ತಿಳಿಯುವುದಿಲ್ಲ. ‘ಇವನು ನಮ್ಮವನು’ ಎಂದು ಮನೆಯವರು ಹೇಳಿದ ಮಾತು ಬರಹಕ್ಕೆ ಇಳಿದಾಗಲೇ ಹೆಸರಿಗೆ ವಂಶ ಅಂಟಿಕೊಳ್ಳುತ್ತದೆ.

ನಮ್ಮ ನಾಡಿನ ಪದ್ಧತಿ

ಈ ಅರಿವು ನಮ್ಮ ನಾಡಿಗೆ ಹೊಸದಲ್ಲ. ಕಾಳಗದಲ್ಲಿ ಮಡಿದವನಿಗೆ ವೀರಗಲ್ಲು ನೆಡುವ ಸಂಪ್ರದಾಯ ಕನ್ನಡ ನೆಲದಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಬೆಂಗಳೂರಿನ ಹೆಸರು ಕಾಣಿಸುವ ಪ್ರಾಚೀನ ಶಾಸನವೆಂದು ಪ್ರಸಿದ್ಧವಾದ, ಕ್ರಿ.ಶ. 9ನೆಯ ಶತಮಾನದ ಕೊನೆಯ ಭಾಗದ ಬೇಗೂರಿನ ಕಲ್ಲು ಇಂಥದ್ದೇ. ನಾಗತ್ತರನೆಂಬ ಗಂಗರ ಅಧಿಕಾರಿಗೆ ಸೇರಿದವನು ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಅದು ತಿಳಿಸುತ್ತದೆ. ಸತ್ತವನಾರು, ಯಾರ ಮನೆಗೆ ಸೇರಿದವನು, ಎಲ್ಲಿ ಸತ್ತ: ಒಂದು ಕಲ್ಲು ಈ ಮೂರು ಪ್ರಶ್ನೆಗೆ ಉತ್ತರ ಕೊಟ್ಟಿದೆ.

ಕಲ್ಲು ನೆಡಿಸಲಾಗದ ಮನೆಗಳ ವಂಶಾವಳಿಯನ್ನು ಹೆಳವರು ಕಾಪಾಡಿದರು. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹೇಳಿ, ಕಾಳುಕಡ್ಡಿ ಪಡೆದು ಹೋಗುತ್ತಿದ್ದ ಹೆಳವರನ್ನು ನಮ್ಮಲ್ಲಿಯ ಹಿರಿಯರು, ವಿಶೇಷವಾಗಿ ಉತ್ತರ ಕರ್ನಾಟಕದವರು, ಕಂಡಿರಬೇಕು. ಆದರೆ ಹೆಳವನ ಎತ್ತು ಸಮುದ್ರ ದಾಟಲಿಲ್ಲ. ಹಡಗು ಹತ್ತಿ ಹೋದವನ ಕಥೆ ಹೆಳವನ ಬಾಯಿಂದ ಜಾರಿತು.

ಬೆಂಗಳೂರಿನಿಂದ ಟಾಂಗಾಕ್ಕೆ

ನಾವು ಈಗ ಕುಳಿತಿರುವ ಈ ನಾಡಿಗೂ ಕನ್ನಡ ನೆಲದ ಸೈನಿಕ ನೆಲೆಗಳಿಗೂ ಇರುವ ಸಂಬಂಧ ಹೆಚ್ಚು ಜನರಿಗೆ ತಿಳಿದಂತಿಲ್ಲ. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಕೀನ್ಯ ಬ್ರಿಟಿಷರ ಕೈಯಲ್ಲಿತ್ತು, ಪಕ್ಕದ ಟಾಂಗನ್ಯಿಕ ಜರ್ಮನರ ಕೈಯಲ್ಲಿತ್ತು. ಜರ್ಮನ್ ಬಂದರಾದ ಟಾಂಗಾವನ್ನು ಹಿಡಿಯಲು ಭಾರತದಿಂದ ಸುಮಾರು 8,000 ಮಂದಿಯ ಪಡೆಯೊಂದು ಅಕ್ಟೋಬರ್ ತಿಂಗಳಲ್ಲಿ ಮುಂಬಯಿಯಿಂದ ಹೊರಟಿತು. ಆ ಪಡೆಯ ಮುಖ್ಯ ಭಾಗಗಳಲ್ಲಿ ಒಂದಕ್ಕೆ 27ನೆಯ ಬೆಂಗಳೂರು ಬ್ರಿಗೇಡ್ ಎಂದೇ ಹೆಸರು. ಅದರ ಜೊತೆಯಲ್ಲಿ ಮದರಾಸು ಸೈನ್ಯದ 61ನೆಯ ಪಯೋನಿಯರ್ ದಳವೂ ಇತ್ತು. ಪಯೋನಿಯರರೆಂದರೆ ಬಂದೂಕನ್ನೂ ಹಾರೆಗುದ್ದಲಿಯನ್ನೂ ಹೊತ್ತು, ದಾರಿ ಕಡಿದು ಕಂದಕ ತೋಡುವ ಸಿಪಾಯಿಗಳು.

ನವೆಂಬರ್ 2ರಿಂದ 5ರವರೆಗೆ ನಡೆದ ಟಾಂಗಾ ಯುದ್ಧ ಬ್ರಿಟಿಷರ ಪಾಲಿಗೆ ದೊಡ್ಡ ಸೋಲಾಯಿತು. ಹಡಗಿನ ಪ್ರಯಾಣದಿಂದ ಬಳಲಿದ್ದ ಸಿಪಾಯಿಗಳನ್ನು ಪರಿಚಯವಿಲ್ಲದ ತೋಟ ಪೊದೆಗಳ ನಡುವೆ ಇಳಿಸಲಾಯಿತು. ಗುಂಡಿನ ಸದ್ದಿಗೆ ರೊಚ್ಚಿಗೆದ್ದ ಜೇನ್ನೊಣಗಳು ಎರಡೂ ಕಡೆಯವರನ್ನು ಕಚ್ಚಿದ್ದರಿಂದ ಅದಕ್ಕೆ ಜೇನ್ನೊಣಗಳ ಯುದ್ಧವೆಂಬ ಅಡ್ಡಹೆಸರೂ ಬಂತು. ಸುಮಾರು ಒಂದು ಸಾವಿರದಷ್ಟಿದ್ದ ಜರ್ಮನ್ ಪಡೆ, ಅದರಲ್ಲೂ ಆಫ್ರಿಕದ ಅಸ್ಕರಿಗಳು, ಈ ದಂಡನ್ನು ಹಿಮ್ಮೆಟ್ಟಿಸಿದರು. ಉಳಿದವರು ಮೊಂಬಾಸಕ್ಕೆ ಬಂದು, ಮುಂದಿನ ವರ್ಷಗಳನ್ನು ಈ ನೆಲದ ಪೊದೆಗಾಡಿನಲ್ಲಿ ಕಳೆದರು.

ಆ ವರ್ಷಗಳಲ್ಲಿ ಗುಂಡಿಗಿಂತ ಬಹಳ ಹೆಚ್ಚು ಮಂದಿಯನ್ನು ಕೆಡವಿದ್ದು ಮಲೇರಿಯ ಮತ್ತು ರಕ್ತಭೇದಿ. ಸಾಮಾನು ಹೊರಲು ಬ್ರಿಟಿಷರು ಆಫ್ರಿಕದ ಹಳ್ಳಿಗಳಿಂದ ಲಕ್ಷಾಂತರ ಜನರನ್ನು ಹಿಡಿದು ತಂದರು. ಅವರಲ್ಲಿ ಸತ್ತವರು ಸುಮಾರು 95,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಾವು ತರಕಾರಿಗೂ ಬುಟ್ಟಿಗಳಿಗೂ ಹೋಗುವ ಕರಿಯೊಕೋರ್ ಮಾರುಕಟ್ಟೆಯ ಹೆಸರು ಆ ಹೊರೆಯಾಳುಗಳ ದಳವಾದ ‘ಕ್ಯಾರಿಯರ್ ಕೋರ್’ ಎಂಬುದರ ಸ್ಥಳೀಯ ಉಚ್ಚಾರಣೆಯೇ. ಕೆನ್ಯಾಟ ಅವೆನ್ಯೂವಿನಲ್ಲಿ ನಿಂತಿರುವ ಮೂರು ಕಂಚಿನ ಪ್ರತಿಮೆಗಳನ್ನು ನಾವೆಲ್ಲ ದಿನವೂ ಹಾದುಹೋಗುತ್ತೇವೆ. 1928ರ ಆ ಸ್ಮಾರಕದ ಬರಹವನ್ನು ರಚಿಸಿದವರು ಕವಿ ಕಿಪ್ಲಿಂಗ್. ಮಡಿದವರ ಹೆಸರನ್ನು ಮಕ್ಕಳು ನೆನೆಯುವರೆಂಬ ಆಶ್ವಾಸನೆ ಅದರಲ್ಲಿದೆ. ಆದರೆ ಮಡಿದ ಒಬ್ಬನ ಹೆಸರೂ ಅದರ ಮೇಲಿಲ್ಲ.

ಕೋಲಾರದ ಅಜ್ಜಿಯ ಕೋರಿಕೆ

ಈಗ ನಮ್ಮ ಅನುಭವಕ್ಕೆ ಬರುತ್ತೇವೆ. 2016ರಲ್ಲಿ ನಮ್ಮ ಮಿತ್ರರೊಬ್ಬರ ತಾಯಿ ಕೋಲಾರ ಜಿಲ್ಲೆಯ ಹಳ್ಳಿಯಿಂದ ಮಗನ ಮನೆಗೆಂದು ನೈರೋಬಿಗೆ ಬಂದಿದ್ದರು. ಆಗ ಅವರಿಗೆ ಎಪ್ಪತ್ತೆಂಟರ ಸುಮಾರು. ರಕ್ತದೊತ್ತಡ ನೋಡಲು ಹೋದ ನಮ್ಮ ಕೈ ಹಿಡಿದು ಅವರು ಹೀಗೆಂದರು: ‘ಡಾಕ್ಟ್ರಪ್ಪಾ, ನಮ್ಮಪ್ಪನ ಅಪ್ಪ ಆಫ್ರಿಕಾ ದಂಡಿಗೆ ಅಂತ ಹೋದೋನು ತಿರುಗಿ ಬರಲಿಲ್ಲ. ಪಿತೃಪಕ್ಷದಾಗೆ ಎಡೆ ಇಕ್ಕುವಾಗ ಎಲ್ಲಾರ ಹೆಸರೂ ಹೇಳ್ತೀವಿ. ಅವನು ಸತ್ತ ದಿನ ಗೊತ್ತಿಲ್ಲ, ಮಣ್ಣಾದ ಜಾಗ ಗೊತ್ತಿಲ್ಲ. ನೀವು ಇರೋ ಊರು ಆಫ್ರಿಕಾನೇ ಅಲ್ವಾ, ವಸಿ ನೋಡಿಕೊಡಪ್ಪಾ.’

ಒಪ್ಪಿಕೊಂಡೆವು. ಒಪ್ಪಿಕೊಂಡ ಮೊದಲ ಭಾನುವಾರವೇ ನಾವು ಎಡವಿದೆವು. ಯುದ್ಧದ ಸ್ಮಶಾನ ಎಂದಾಕ್ಷಣ ನ್ಗಾಂಗ್ ರಸ್ತೆಯ ನೈರೋಬಿ ಯುದ್ಧ ಸ್ಮಶಾನಕ್ಕೆ ಅಜ್ಜಿಯನ್ನು ಕರೆದೊಯ್ದೆವು. ಎರಡು ಗಂಟೆ ಸಾಲುಸಾಲಾಗಿ ಕಲ್ಲುಗಳನ್ನು ಓದಿದ ಮೇಲೆ ನಮ್ಮ ಗಮನಕ್ಕೆ ಬಂತು, ಅಲ್ಲಿರುವುದು ಎರಡನೆಯ ಮಹಾಯುದ್ಧದವರು. ಮೊದಲ ಯುದ್ಧದವರು ನೈರೋಬಿ ದಕ್ಷಿಣ ಸ್ಮಶಾನದಲ್ಲಿದ್ದಾರೆ. ಸಮಾಧಿ ಗೊತ್ತಿಲ್ಲದವರಿಗಾಗಿ ನಿರ್ಮಿಸಿದ ಬ್ರಿಟಿಷ್ ಮತ್ತು ಭಾರತೀಯ ಸ್ಮಾರಕವೂ ಅಲ್ಲೇ ಇದೆ. ಬಿಸಿಲಿನಲ್ಲಿ ಬಳಲಿದ ಅಜ್ಜಿಯನ್ನು ಮರುವಾರ ಅಲ್ಲಿಗೆ ಕರೆದೊಯ್ದೆವು.

ಸ್ಮಾರಕದ ಮುಂದೆ ಕೈಮುಗಿದ ಅಜ್ಜಿ ಸೆರಗಿನಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಳ್ಳಲೆಂದು ಬಗ್ಗಿದರು. ನಾವು ತಡೆದೆವು. ‘ಇನ್ನೂ ಖಚಿತವಾಗಿಲ್ಲಮ್ಮಾ, ಗೊತ್ತಾದ ಮೇಲೆ ತೆಗೆದುಕೊಂಡರಾಯಿತು’ ಎಂದೆವು. ರೋಗ ಖಚಿತವಾಗದೆ ಔಷಧ ಕೊಡಬಾರದೆಂಬ ನಮ್ಮ ಅಭ್ಯಾಸ ಅಲ್ಲಿಯೂ ಮಾತನಾಡಿತು. ಅಜ್ಜಿ ಮರುಮಾತಿಲ್ಲದೆ ಮಣ್ಣನ್ನು ಕೆಳಗೆ ಬಿಟ್ಟರು.

ಹುಡುಕಾಟದ ಕ್ರಮ

ಒಂದೇ ಲಕ್ಷಣಕ್ಕೆ ಹಲವು ರೋಗಗಳು ಕಾರಣವಾಗಿರಬಹುದು. ವೈದ್ಯನು ಅವುಗಳ ಪಟ್ಟಿ ಮಾಡಿ, ಪುರಾವೆಯ ಬಲದಿಂದ ಒಂದೊಂದನ್ನೇ ತಳ್ಳಿಹಾಕುತ್ತಾನೆ. ‘ಆಫ್ರಿಕಾಕ್ಕೆ ಹೋದ’ ಎಂಬ ಮಾತನ್ನೂ ನಾವು ಹೀಗೆಯೇ ಪರೀಕ್ಷಿಸಿದೆವು.

ಮೊದಲ ಸಾಧ್ಯತೆ, ಆತ ಮೈಸೂರು ಲ್ಯಾನ್ಸರ್ಸ್ ಅಶ್ವದಳದವನಾಗಿರಬಹುದು. ಮಹಾರಾಜರ ಆ ದಳ ಮೊದಲು ಹೋದದ್ದು ಈಜಿಪ್ಟಿಗೆ, ಅದೂ ಆಫ್ರಿಕಾವೇ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಅವರಿದ್ದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಅವರ ಸ್ಮಾರಕವಿದೆ. ಎರಡನೆಯ ಸಾಧ್ಯತೆ, ಆತ ಸಿಪಾಯಿಯೇ ಅಲ್ಲದೆ 1896ರಿಂದ 1901ರವರೆಗೆ ಉಗಾಂಡ ರೈಲುಮಾರ್ಗ ಕಟ್ಟಲು ಬಂದ ಸುಮಾರು 32,000 ಭಾರತೀಯ ಕೂಲಿಗಳಲ್ಲಿ ಒಬ್ಬನಾಗಿರಬಹುದು. ಅವರಲ್ಲಿ ಸುಮಾರು 2,500 ಮಂದಿ ಇಲ್ಲೇ ಸತ್ತರು. ಮೂರನೆಯದು, ಸೈನ್ಯದ ಹಿಂದೆ ಬಂದ ಅಡಿಗೆಯವನೋ ಡೋಲಿ ಹೊರುವವನೋ ಆಗಿರಬಹುದು. ನಾಲ್ಕನೆಯದು, ಟಾಂಗಾಕ್ಕೆ ಹೋದ ಪಡೆಯ ಸಿಪಾಯಿ.

‘ತಾತನ ವಸ್ತು ಏನಾದರೂ ಮನೆಯಲ್ಲಿತ್ತೇ ಅಮ್ಮಾ?’ ಎಂದು ಕೇಳಿದೆವು. ಅಜ್ಜಿ ಯೋಚಿಸಿ ಹೇಳಿದರು: ‘ಒಂದು ಬೆಳ್ಳಿ ಬಿಲ್ಲೆ ಇತ್ತು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಸವಾರ. ಬರಗಾಲದಾಗೆ ನಮ್ಮವ್ವ ಅದನ್ನ ಕರಗಿಸಿ ನನ್ನ ಕಾಲಿಗೆ ಕಡಗ ಮಾಡಿಸಿದಳು.’ ನಮ್ಮ ಪಾಲಿಗೆ ಇದು ಎಕ್ಸ್‌ರೇ ಚಿತ್ರವಿದ್ದಂತೆ. ಅಜ್ಜಿ ವರ್ಣಿಸಿದ್ದು 1914-18ರ ಯುದ್ಧದ ಬ್ರಿಟಿಷ್ ಪದಕ. ರೈಲಿನ ಕೂಲಿಗಳಿಗೆ ಅದಿಲ್ಲ. ಹೊರೆಯಾಳು ಮತ್ತು ಇತರ ಕೂಲಿ ದಳಗಳವರಿಗೆ ಅದೇ ಅಚ್ಚಿನ ಪದಕವನ್ನು ಕಂಚಿನಲ್ಲಿ ಕೊಟ್ಟರು, ಸಿಪಾಯಿಗಳಿಗೆ ಬೆಳ್ಳಿಯಲ್ಲಿ. ಆದ್ದರಿಂದ ತಾತ ಸಿಪಾಯಿಯೇ ಆಗಿರುವ ಸಂಭವ ಹೆಚ್ಚು. ಆ ಪದಕದ ಅಂಚಿನಲ್ಲಿ ಸಂಖ್ಯೆ, ದರ್ಜೆ, ಹೆಸರು, ದಳ ನಾಲ್ಕನ್ನೂ ಕೊರೆದಿರುತ್ತಾರೆ. ಕಡಗವಾದಾಗ ಅವೂ ಕರಗಿಹೋದವು.

ಅಜ್ಜಿ ಊರಿಗೆ ಮರಳಿದ ಮೇಲೆ, ಅವರ ಮೊಮ್ಮಗ ಹಳೆಯ ಪೆಟ್ಟಿಗೆಯ ತಳದಲ್ಲಿದ್ದ ಗೆದ್ದಲು ತಿಂದ ಕಾಗದವೊಂದರ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದ. ಅದು ವಿಧವೆಗೆ ಬರುತ್ತಿದ್ದ ಪಿಂಚಣಿಯ ಕಾಗದ. ಅದರಲ್ಲಿ 61 ಎಂಬ ಅಂಕಿ ಎದ್ದು ಕಾಣುತ್ತಿತ್ತು. ಮನೆಯವರು ಅದನ್ನು ವಯಸ್ಸೆಂದು ಓದಿ, ‘ನಮ್ಮ ತಾತ ಹೋದಾಗ ಹರೆಯದವನು, ಇದು ಬೇರೆ ಯಾರದ್ದೋ’ ಎಂದು ಬದಿಗಿಟ್ಟಿದ್ದರಂತೆ. ಅದು ವಯಸ್ಸಲ್ಲ, 61ನೆಯ ಪಯೋನಿಯರ್ ದಳ. ಸಿಪಾಯಿಯ ಸಂಖ್ಯೆಯಲ್ಲಿ ಕೊನೆಯ ಎರಡು ಅಂಕಿಗಳು ಮಾತ್ರ ಉಳಿದಿದ್ದವು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಈಗ ಯಾರು ಬೇಕಾದರೂ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಆ ದಳದಲ್ಲಿ ತಾತನ ಹೆಸರಿನವರು ಇಬ್ಬರು ಸಿಕ್ಕರು. ಒಬ್ಬನಿಗೆ ತಂದೆಯ ಹೆಸರೂ ಊರೂ ಇತ್ತು. ಅವನು ಬೇರೆ ಜಿಲ್ಲೆಯವನು. ಇನ್ನೊಬ್ಬನಿಗೆ ಬರೀ ಹೆಸರು, ಸಂಖ್ಯೆ, ತಾರೀಖು. ತಂದೆಯಿಲ್ಲ, ಊರಿಲ್ಲ. ಆ ಸಂಖ್ಯೆಯ ಕೊನೆಯ ಎರಡು ಅಂಕಿಗಳು ನಮ್ಮ ಕಾಗದದೊಂದಿಗೆ ಹೊಂದಿಕೊಂಡವು. ಆತನ ಸ್ಮರಣೆಯ ಸ್ಥಳ ನೈರೋಬಿಯ ಬ್ರಿಟಿಷ್ ಮತ್ತು ಭಾರತೀಯ ಸ್ಮಾರಕ. ಅಂದರೆ ಅಜ್ಜಿ ಬಗ್ಗಿ ಮಣ್ಣು ಹಿಡಿದಿದ್ದ ಅದೇ ಜಾಗ.

ವೈದ್ಯರು ರೋಗನಿರ್ಣಯವನ್ನು ಖಚಿತ, ಸಂಭವನೀಯ, ಸಾಧ್ಯ ಎಂದು ಮೂರು ದರ್ಜೆಯಲ್ಲಿ ಹೇಳುವುದುಂಟು. ಎರಡು ಅಂಕಿಗಳ ಹೊಂದಿಕೆ ‘ಸಂಭವನೀಯ’ ಎಂಬುದನ್ನು ದಾಟುವುದಿಲ್ಲ. ಅಜ್ಜಿಗೆ ಫೋನಿನಲ್ಲಿ ಹಾಗೆಯೇ ತಿಳಿಸಿದೆವು: ಇವನೇ ಇರಬಹುದು, ಆದರೆ ಅದೇ ಹೆಸರಿನ ಇನ್ನೊಬ್ಬನೂ ಇದ್ದಾನೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಇನ್ನೊಬ್ಬನ ಮನೇಲಿ ಯಾರಾದ್ರೂ ಎಡೆ ಇಕ್ತಾರೋ ಇಲ್ಲವೋ, ಈ ಸಲ ಇಬ್ಬರಿಗೂ ಇಕ್ತೀನಿ ಬಿಡಪ್ಪಾ’ ಎಂದರು. 2019ರಲ್ಲಿ ಅವರು ತೀರಿಕೊಂಡರು. ಮತ್ತೆ ನೈರೋಬಿಗೆ ಬರಲಾಗಲಿಲ್ಲ. ಶಾಸ್ತ್ರದ ದೃಷ್ಟಿಯಿಂದ ನಮ್ಮ ಎಚ್ಚರಿಕೆ ಸರಿಯೇ ಇತ್ತು. ಆದರೂ ಆ ಒಂದು ಹಿಡಿ ಮಣ್ಣನ್ನು ತಡೆದದ್ದು ಇಂದಿಗೂ ನಮ್ಮನ್ನು ನೋಯಿಸುತ್ತದೆ.

ಹೆಸರುಗಳು ಕಳೆದುಹೋಗುವ ಬಗೆ

ಅಮೆರಿಕದ ಸಿಪಾಯಿಯ ಕಡತ ದಪ್ಪವಾಗಿಯೂ ನಮ್ಮವನದು ತೆಳ್ಳಗಾಗಿಯೂ ಇರಲು ಕಾರಣಗಳಿವೆ. ಮೊದಲನೆಯದು ಹೆಸರು. ಅಲ್ಲಿಯ ಪಟ್ಟಿಗಳು ಕುಲನಾಮವನ್ನು ಹಿಡಿದು ನಡೆಯುತ್ತವೆ. ನಮ್ಮಲ್ಲಿ ಬಹುಮಂದಿಗೆ ಕುಲನಾಮವಿಲ್ಲ. ತಂದೆಯ ಹೆಸರು, ಊರು ಇವೇ ಗುರುತು. ವೆಂಕಟಸ್ವಾಮಿ ಎಂಬ ಹೆಸರನ್ನು ಗುಮಾಸ್ತನೊಬ್ಬ ವೆಂಕಟಸಾಮಿ ಎಂದು, ಇನ್ನೊಬ್ಬ ವೆಂಗಡಸಾಮಿ ಎಂದು ಆಂಗ್ಲ ಲಿಪಿಯಲ್ಲಿ ಬರೆದಾಗ, ಒಬ್ಬನೇ ಮನುಷ್ಯ ಪಟ್ಟಿಯ ಎರಡು ಕಡೆ ಚದುರಿಹೋಗುತ್ತಾನೆ.

ಎರಡನೆಯದು ಆಡಳಿತ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಹಂಚಿಹೋಗಿತ್ತು. 1914ರ ಸಿಪಾಯಿ ಕೋಲಾರದವನಾದರೆ ಮೈಸೂರು ಸಂಸ್ಥಾನದ ಪ್ರಜೆ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದವನಾದರೆ ಮುಂಬಯಿ ಪ್ರಾಂತದವನು. ಮಂಗಳೂರು, ಕಾಸರಗೋಡು, ಬಳ್ಳಾರಿಯವನಾದರೆ ಮದರಾಸಿನವನು. ಗುಲ್ಬರ್ಗ, ರಾಯಚೂರು, ಬೀದರದವನಾದರೆ ನಿಜಾಮರ ಪ್ರಜೆ. ಕೊಡಗಿನದು ಬೇರೆಯೇ ಆಡಳಿತ. ಇಂದಿನ ಜಿಲ್ಲೆಯ ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಉದಾಹರಣೆಗೆ, ಚಿಕ್ಕಬಳ್ಳಾಪುರ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಕೋಲಾರಕ್ಕೆ ಸೇರಿತ್ತು.

ಮೂರನೆಯದು ದಳಗಳ ಅಳಿವು. ಭಾರತದ ಪಯೋನಿಯರ್ ರೆಜಿಮೆಂಟುಗಳನ್ನು 1933ರ ಹೊತ್ತಿಗೆ ವಿಸರ್ಜಿಸಲಾಯಿತು. ಪತ್ರ ಬರೆದು ಕೇಳೋಣವೆಂದರೆ ಆ ಹೆಸರಿನ ದಳವೇ ಇಲ್ಲ.

ನಾಲ್ಕನೆಯದು, ಹೇಳಲು ನೋವಾದರೂ ಹೇಳಬೇಕಾದದ್ದು, ತಾರತಮ್ಯ. 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗ ಸತ್ತವರೆಲ್ಲ ಸಮಾನರೆಂಬ ತತ್ತ್ವವನ್ನು ಸಾರಿತು. ಆದರೆ 2021ರಲ್ಲಿ ಆಯೋಗವೇ ಪ್ರಕಟಿಸಿದ ವರದಿ ಬೇರೆ ಚಿತ್ರ ಕೊಡುತ್ತದೆ. ಭಾರತ, ಆಫ್ರಿಕ, ಈಜಿಪ್ಟ್ ಮುಂತಾದ ಕಡೆಗಳ ಸುಮಾರು 45,000ದಿಂದ 54,000 ಮಂದಿಗೆ ಸಮಾನವಲ್ಲದ ರೀತಿಯ ಸ್ಮರಣೆ ದೊರೆಯಿತು. ಇನ್ನೂ ಕನಿಷ್ಠ 1,16,000 ಮಂದಿಯ, ಪ್ರಾಯಶಃ 3,50,000ದವರೆಗಿನ ಜನರ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ, ಅಥವಾ ಅವರನ್ನು ಸ್ಮರಿಸಲೇ ಇಲ್ಲ. ಆಯೋಗ ಇದಕ್ಕಾಗಿ ಕ್ಷಮೆ ಕೋರಿತು. ಈ ಹೆಸರಿಲ್ಲದವರಲ್ಲಿ ಬಹುಪಾಲು ಪೂರ್ವ ಆಫ್ರಿಕದವರು ಮತ್ತು ಈಜಿಪ್ಟಿನವರು. ನಮ್ಮ ಆಸ್ಪತ್ರೆಯ ಹಿರಿಯ ನರ್ಸೊಬ್ಬರು ಕಂಬ ಜನಾಂಗದವರು. ಅಜ್ಜಿಯ ಕಥೆ ಕೇಳಿದ ಅವರು, ‘ನಮ್ಮ ಮುತ್ತಾತನೂ ಹೊರೆ ಹೊತ್ತು ಹೋದವನೇ. ನಿಮಗೆ ಎರಡು ಅಂಕಿಯಾದರೂ ಸಿಕ್ಕಿತಲ್ಲ, ಡಾಕ್ಟರ್’ ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮಿಂದ ಆಗಬೇಕಾದುದು

ನಿಮ್ಮ ಮನೆತನದಲ್ಲಿ ಸಿಪಾಯಿಯಿರಲಿ, ರೈಲಿನ ನೌಕರನಿರಲಿ, ಅಂಗಡಿ ಇಟ್ಟವನಿರಲಿ, ಹುಡುಕುವ ಕ್ರಮ ಒಂದೇ. ಕ್ರಮವಾಗಿ ಹೇಳುತ್ತೇವೆ.

1. ಕಾಗದಕ್ಕಿಂತ ಮೊದಲು ಹಿರಿಯರನ್ನು ಕೇಳಿರಿ. ಕಾಗದ ಕಾಯಬಲ್ಲದು, ಹಿರಿಯರು ಕಾಯಲಾರರು. ವರ್ಷ ನೆನಪಿಲ್ಲದಿದ್ದರೆ ಘಟನೆಯನ್ನು ಕೇಳಿರಿ. ‘ಪ್ಲೇಗು ಬಂದು ಊರಾಚೆ ಗುಡಿಸಲು ಹಾಕಿದ್ದಾಗ’ ಎಂದರೆ ಅದು ಸಾಮಾನ್ಯವಾಗಿ 1898ರ ಅನಂತರದ ವರ್ಷಗಳು. ‘ಮನೆಮನೆಯಲ್ಲೂ ಜ್ವರ ಬಂದು ಸತ್ತಾಗ’ ಎಂದರೆ ಬಹುಶಃ 1918ರ ಇನ್‌ಫ್ಲುಯೆಂಜ.

2. ಹೆಸರಿನ ಜೊತೆಗೆ ತಂದೆಯ ಹೆಸರು, ಹಳ್ಳಿ, ಹೋಬಳಿ, ಅಂದಿನ ತಾಲ್ಲೂಕು, ಅಂದಿನ ಜಿಲ್ಲೆ ಇವಿಷ್ಟನ್ನೂ ಬರೆಯಿರಿ. ಇವಿಲ್ಲದೆ ಬರೀ ಹೆಸರಿನಿಂದ ಯಾರನ್ನೂ ಗುರುತಿಸಲಾಗದು.

3. ಮನೆಯ ಪೆಟ್ಟಿಗೆಯನ್ನು ನೋಡಿರಿ. ಪಿಂಚಣಿ ಪುಸ್ತಕ, ಮನಿಯಾರ್ಡರ್ ಚೀಟಿ, ಇನಾಮು ಜಮೀನಿನ ಕಾಗದ, ಪದಕ ಯಾವುದನ್ನೂ ತೊಳೆದು ಉಜ್ಜಬೇಡಿರಿ. ಪದಕದ ಅಂಚನ್ನು ಬೆಳಕಿಗೆ ಹಿಡಿದು ಓದಿರಿ. ಅಂಗೈಗಿಂತ ದೊಡ್ಡದಾದ ಕಂಚಿನ ಬಿಲ್ಲೆಯ ಮೇಲೆ ಹೆಸರೊಂದೇ ಇದ್ದರೆ, ಅದು ಮೊದಲ ಯುದ್ಧದಲ್ಲಿ ಸತ್ತವನ ಮನೆಗೆ ಕಳುಹಿಸಿದ ಸ್ಮಾರಕ ಫಲಕ. ಅದರಲ್ಲಿ ದರ್ಜೆಯನ್ನಾಗಲಿ ದಳವನ್ನಾಗಲಿ ಹಾಕುತ್ತಿರಲಿಲ್ಲ.

4. ಇದಾದ ಮೇಲೆ ಆಯೋಗದ ಪಟ್ಟಿ, ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಭಾರತ ಆಡಳಿತದ ಕಡತಗಳು, ಕ್ಯೂ ಎಂಬಲ್ಲಿಯ ಪತ್ರಾಗಾರದಲ್ಲಿರುವ ದಳಗಳ ಯುದ್ಧ ದಿನಚರಿಗಳು, ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ, ಇಲ್ಲಿ ಮೋಯಿ ಅವೆನ್ಯೂವಿನಲ್ಲಿರುವ ಕೀನ್ಯದ ರಾಷ್ಟ್ರೀಯ ಪತ್ರಾಗಾರ ಇವುಗಳತ್ತ ಹೋಗಿರಿ. ಪಂಜಾಬಿನ ಸುಮಾರು 3,20,000 ಸಿಪಾಯಿಗಳ ಊರುವಾರು ದಾಖಲೆಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದು, 2021ರಿಂದ ಅವುಗಳನ್ನು ಕಂಪ್ಯೂಟರಿನಲ್ಲಿ ನೋಡುವ ಅನುಕೂಲ ಒದಗತೊಡಗಿತು. ಪಂಜಾಬಿ ಮಿತ್ರರಿಗೆ ಇದನ್ನು ತಿಳಿಸಿರಿ. ಅದು ನಮ್ಮ ಹಳ್ಳಿಗಳಿಗೆ ಸಂಬಂಧಿಸಿದ್ದಲ್ಲ.

5. ಕಂಡುಕೊಂಡದ್ದನ್ನು ಖಚಿತ, ಸಂಭವನೀಯ, ಸಾಧ್ಯ ಎಂದು ವಿಂಗಡಿಸಿ ಬರೆಯಿರಿ. ಮನೆತನದ ಹೆಮ್ಮೆಗಾಗಿ ಒಂದು ದರ್ಜೆ ಮೇಲಕ್ಕೆ ಏರಿಸಬೇಡಿರಿ. ಹೊರೆಯಾಳನ್ನು ಸುಬೇದಾರನನ್ನಾಗಿ ಮಾಡಿದರೆ ಮುಂದಿನವರು ಅವನನ್ನು ಎಂದೂ ಹುಡುಕಲಾರರು.

ಕೊನೆಯದಾಗಿ ಒಂದು ಮಾತು. ನಾವೂ ಹಡಗಿನ ಬದಲು ವಿಮಾನ ಹತ್ತಿ ಬಂದವರೇ. ನಮ್ಮ ಮನೆಗಳಿಗೂ ಹೆಳವರು ಬರುವುದಿಲ್ಲ. ನೂರು ವರ್ಷಗಳ ಮೇಲೆ ನಮ್ಮ ಮರಿಮಗಳೊಬ್ಬಳು, ‘ನಮ್ಮ ತಾತ ಆಫ್ರಿಕಾದಲ್ಲಿದ್ದನಂತೆ’ ಎಂಬ ಒಂದೇ ಮಾತನ್ನು ಹಿಡಿದು ಯಾವುದೋ ಊರಿನ ಡಾಕ್ಟರನನ್ನು ಬೇಡುವ ಸ್ಥಿತಿ ಬರಬಾರದು. ಇಂದು ಮನೆಗೆ ಹೋದ ಮೇಲೆ ಊಟಕ್ಕೆ ಕುಳಿತಾಗ ಮಕ್ಕಳ ಕೈಗೆ ಒಂದು ಹಾಳೆ ಕೊಡಿರಿ. ನಿಮ್ಮ ತಂದೆ, ತಾತ, ಮುತ್ತಾತ, ಹಾಗೆಯೇ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು, ಹುಟ್ಟಿದ ಊರು, ಸತ್ತ ಊರು, ಸತ್ತ ಕಾರಣ ಇಷ್ಟನ್ನು ಅವರಿಂದಲೇ ಬರೆಯಿಸಿರಿ. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟು, ಈ ವಾರವೇ ಊರಿಗೆ ಫೋನು ಮಾಡಿ ಕೇಳಿರಿ. ಆ ಹಾಳೆಯ ಒಂದು ಪ್ರತಿಯನ್ನು ನಿಮ್ಮ ವೈದ್ಯರಿಗೂ ತೋರಿಸಿರಿ. ಅದರಿಂದ ನಿಮ್ಮ ಹೃದಯಕ್ಕೂ ಪ್ರಯೋಜನವಾಗುವುದುಂಟು.